ಹಲಕುಂದಿ ಧೂಳು, ಶಕ್ತಿಮಾನ್ ಉಸಿರು

ಬಳ್ಳಾರಿ ಪಕ್ಕದ ಹಲಕುಂದಿ. ಈ ಕಡೆಯ ಅದಿರು ಧೂಳು ಬಟ್ಟೆಗೆ ಹತ್ತಿದರೆ ಬಿಡೋದು ಕಷ್ಟ. ಎಂಜಿನ್ ಹೊಕ್ಕರೆ ಪಿಸ್ಟನ್ ರಿಂಗನ್ನೇ ತಿಂದುಹಾಕುತ್ತೆ.

ಹಳೆಯ ಶಕ್ತಿಮಾನ್ ಮಿಲಿಟರಿ ಲಾರಿ ಇಟ್ಟುಕೊಂಡವರು ಕೇಳಿ. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್‌ನಲ್ಲಿ ಜಬಲ್‌ಪುರದಲ್ಲಿ ತಯಾರಾದ ಗಟ್ಟಿಮುಟ್ಟಾದ ಗಾಡಿ ಅದು. ಹಾಳು ಮಾಡಿಕೊಳ್ಳಬೇಡಿ.

ಆರು ಲೀಟರ್‌ನ ಡೀಸೆಲ್ ಎಂಜಿನ್ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೂಕಮ್ಮಿ 6000 ಲೀಟರ್ ಗಾಳಿ ಎಳೆಯುತ್ತೆ. ಚಕ್ರ ಎಬ್ಬಿಸೋ ಧೂಳು ದಟ್ಟವಾಗಿರೋದು ಕೆಳಗೆ. ಅದಕ್ಕೇ ಗಾಳಿ ಪೈಪನ್ನ ಕ್ಯಾಬಿನ್ ಎತ್ತರಕ್ಕೆ ಒಯ್ಯೋದು. ಪೈಪಿನ ಒಳಅಳತೆ ಮೊದಲಿದ್ದದ್ದಕ್ಕಿಂತ ಕಿರಿದಾಗಬಾರದು, ತಿರುವು ಕಡಿಮೆ ಇರಲಿ. ಗಾಳಿ ಸಾಲದಿದ್ದರೆ ಲಾರಿ ಕಪ್ಪು ಹೊಗೆ ಕಾರುತ್ತೆ.

ಆಯಿಲ್ ಬಾತ್ ಏರ್ ಕ್ಲೀನರ್ ಇದ್ದರೆ, ಗುರುತಿನ ಗೆರೆ ದಾಟಿ ಆಯಿಲ್ ಹಾಕಲೇಬೇಡಿ. ಹೆಚ್ಚಾದದ್ದನ್ನ ಎಂಜಿನ್ ಎಳೆದುಕೊಂಡರೆ, ಡೀಸೆಲ್ ಬಂದ್ ಮಾಡಿದರೂ ನಿಲ್ಲದೆ ರೇಸ್ ಆಗಬಹುದು. ಇದು ನಿಜಕ್ಕೂ ಅಪಾಯ.

ಪೈಪಿನ ಕೆಲಸ ಮುಗಿಸಿ ಸ್ವಲ್ಪ ದಿನ ಓಡಿಸಿದ ಮೇಲೆ, ಎಂಜಿನ್ ಆಫ್ ಮಾಡಿ, ಕ್ಲೀನರ್‌ನಿಂದ ಎಂಜಿನ್‌ಗೆ ಹೋಗೋ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ. ಕೆಂಪು ಧೂಳು ಹತ್ತಿತಾ? ಎಲ್ಲೋ ಜಾಯಿಂಟ್ ಸಡಿಲ ಇರಬಹುದು, ಇಲ್ಲಾ ಹೋಸ್ ಸೀಳಿರಬಹುದು. ಅದನ್ನ ಸರಿಪಡಿಸದೆ ಲಾರಿ ಸ್ಟಾರ್ಟ್ ಮಾಡಬೇಡಿ.