ಬೀದಿಯನ್ನು ಬಲ್ಲ ಪೇದೆ

ಬೆಂಗಳೂರು ನಗರಕ್ಕೆ ಪೊಲೀಸ್ ಕಮಿಷನರ್ ಎಂಬ ಅಧಿಕಾರಿ ಬಂದುದು 1963ರಲ್ಲಿ. 1948ರಲ್ಲಿ ಅಸ್ತಿಭಾರ ಕಂಡ ಜಯನಗರ ಆಗಿನ್ನೂ ಹದಿನೈದರ ಹರೆಯದ ಬಡಾವಣೆ; ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ತಂತಮ್ಮ ಕೆರೆಕುಂಟೆಗಳೊಡನೆ ಬೇರೆಬೇರೆ ಊರುಗಳಾಗಿದ್ದುವು. ಹಳೆಯ ಮೈಸೂರು ಸೀಮೆಯ ಇಂಥ ಊರುಗಳಲ್ಲಿ ತಲೆಮಾರುಗಳಿಂದ ಕಾವಲಿನ ಹೊಣೆ ಹೊತ್ತಿದ್ದ ತಳವಾರನ ಬಲವೆಲ್ಲ, ಯಾರ ಮನೆಗೆ ಯಾರು ನೆಂಟರು, ಯಾವ ಹೊಲದ ಬದುವಿಗೆ ಯಾವ ವ್ಯಾಜ್ಯ, ಸಂಜೆಯ ಬಳಿಕ ಊರೊಳಕ್ಕೆ ಕಾಲಿಟ್ಟ ಅಪರಿಚಿತನಾರು ಎಂಬ ಅರಿವಿನಲ್ಲಿತ್ತು. ಆ ವ್ಯವಸ್ಥೆಯನ್ನು ವೈಭವೀಕರಿಸುವ ಅಗತ್ಯವೇನೂ ಇಲ್ಲ. ತಳವಾರ ಉಳ್ಳವರ ಆಜ್ಞಾಧಾರಕನೂ ಆಗಿದ್ದ. ಆದರೂ ಕಾವಲೆಂಬುದು ಮೂಲತಃ ಪರಿಚಯದಿಂದ ಸಿದ್ಧಿಸುವ ವಿದ್ಯೆಯೆಂಬುದು ಅವನಿಂದ ನಾವು ಕಲಿಯಬೇಕಾದ ಪಾಠ.

ಈ ಪರಿಚಯದ ಸ್ಥಾನದಲ್ಲಿ ಇಂದು ಯಂತ್ರ ಬಂದು ಕುಳಿತಿದೆ. ಕೇಂದ್ರದ ನಿರ್ಭಯಾ ನಿಧಿಯ ಆಶ್ರಯದಲ್ಲಿ ಬೆಂಗಳೂರಿಗೆ ಮಂಜೂರಾದ ಸೇಫ್ ಸಿಟಿ ಯೋಜನೆಯ ಮೊತ್ತ ಸುಮಾರು 667 ಕೋಟಿ ರೂಪಾಯಿ. ಅದರ ಪ್ರಧಾನ ಅಂಗ ನಗರದಾದ್ಯಂತ 7,500 ಕ್ಯಾಮೆರಾಗಳು. ಕ್ಯಾಮೆರಾ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು 2025ರ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಬಿಟಿಎಂ ಬಡಾವಣೆ ಕಡೆಯ ಒಂದು ಗಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟಿತು. ನಡುರಾತ್ರಿ ಕಳೆದ ಮೇಲೆ ನಡೆದು ಹೋಗುತ್ತಿದ್ದ ಇಬ್ಬರು ಯುವತಿಯರನ್ನು ಹಿಂಬಾಲಿಸಿದವನೊಬ್ಬ, ಅವರಲ್ಲೊಬ್ಬಳ ಮೈಮೇಲೆ ಕೈಹಾಕಿ ಓಡಿಹೋದ. ಆ ದೃಶ್ಯ ಬೀದಿಯ ಕ್ಯಾಮೆರಾದಲ್ಲಿ ದಾಖಲಾಗಿ, ಊರೆಲ್ಲ ನೋಡಿ, ಕೋಲಾಹಲವೆದ್ದಿತು. ನೊಂದವರು ದೂರು ಕೊಡಲು ಮುಂದೆ ಬಾರದಿರಲು, ಪೊಲೀಸರೇ ಸ್ವಯಂಪ್ರೇರಿತರಾಗಿ ಪ್ರಕರಣ ದಾಖಲಿಸಿ, ನೂರಾರು ಕ್ಯಾಮೆರಾಗಳ ಚಿತ್ರಗಳನ್ನು ಸೋಸಿ, ಕೆಲವೇ ದಿನಗಳಲ್ಲಿ ಆರೋಪಿಯನ್ನು ಕೇರಳದಲ್ಲಿ ಹಿಡಿದರು. ಪತ್ತೆಕಾರ್ಯದ ದೃಷ್ಟಿಯಿಂದ ಇದು ನಿಶ್ಚಯವಾಗಿ ಪ್ರಶಂಸನೀಯ. ಆದರೆ ಕ್ಯಾಮೆರಾ ನೋಡುತ್ತಿದ್ದಾಗಲೇ ಕೃತ್ಯ ನಡೆಯಿತಷ್ಟೆ. ಆ ಯುವತಿಯರಿಗೆ ಠಾಣೆಯ ಮೆಟ್ಟಿಲೇರುವ ಧೈರ್ಯವನ್ನಾಗಲಿ, ಹೇಳಿಕೊಳ್ಳಲು ಒಂದು ಪರಿಚಿತ ಮುಖವನ್ನಾಗಲಿ ಒದಗಿಸುವುದು ಯಂತ್ರದ ಕೈಯಲ್ಲಾಗುವ ಕೆಲಸವಲ್ಲ.

ಆ ಪರಿಚಿತ ಮುಖವನ್ನು ಪೊಲೀಸರ ಭಾಷೆಯಲ್ಲಿ ಬೀಟ್ ಸಿಬ್ಬಂದಿ ಎನ್ನುತ್ತಾರೆ. ಠಾಣೆಯ ಸರಹದ್ದನ್ನು ತುಂಡುತುಂಡಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಪೇದೆಯನ್ನು ಹೊಣೆ ಮಾಡುವ ಸುಧಾರಿತ ಗಸ್ತು ಪದ್ಧತಿಯನ್ನು ರಾಜ್ಯದ ಪೊಲೀಸ್ ಇಲಾಖೆ 2017ರಲ್ಲೇ ಜಾರಿಗೆ ತಂದಿತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವೂ ಬಂದಿತು. ಕಲ್ಪನೆ ಉತ್ತಮವಾದದ್ದೇ. ಆದರೆ ಜಯನಗರದ ಬ್ಲಾಕುಗಳಲ್ಲಿ, ಮಕ್ಕಳು ಪರದೇಶ ಸೇರಿ ವೃದ್ಧ ದಂಪತಿಗಳಷ್ಟೇ ಉಳಿದಿರುವ ಮನೆಗಳಿಗೆ ಬೇಕಾದ ಕಾವಲು ಒಂದು ಬಗೆಯದು. ಬಿಟಿಎಂನಲ್ಲಿ, ಕೆಲವು ತಿಂಗಳಿಗೊಮ್ಮೆ ವಾಸಿಗಳು ಬದಲಾಗುವ ಪಿ.ಜಿ.ಗಳ ಸಾಲಿಗೆ ಬೇಕಾದುದು ಬೇರೆಯೇ ಬಗೆಯದು. ಬನಶಂಕರಿಯ ದೇವಾಲಯದ ಸುತ್ತಣ ಮಂಗಳವಾರದ ಜನಸಂದಣಿಗೂ ಜೆ.ಪಿ. ನಗರದ ಬಹುಮಹಡಿ ಕಟ್ಟಡಗಳ ಬೇಲಿಯೊಳಗಿನ ಬದುಕಿಗೂ ಏನು ಸಾಮ್ಯ? ಈ ತಾರತಮ್ಯ ತಿಳಿಯಬೇಕಾದರೆ ಪೇದೆ ಅದೇ ಬೀದಿಯಲ್ಲಿ ವರುಷಗಟ್ಟಲೆ ನಡೆದಾಡಬೇಕು. ಅವನಿಗಾದರೋ ಮೆರವಣಿಗೆ, ಕ್ರಿಕೆಟ್ ಪಂದ್ಯ, ಗಣ್ಯರ ಆಗಮನ, ಪ್ರತಿಭಟನೆ ಎಂದು ಬಂದೋಬಸ್ತಿನ ಕರೆ ಬಂದೊಡನೆ ಬೀಟು ಅಲ್ಲಿಗೇ ನಿಲ್ಲುತ್ತದೆ. ಬಂದೋಬಸ್ತಿಗೆ ಸಶಸ್ತ್ರ ಮೀಸಲು ಪಡೆಯಿದ್ದೂ ಠಾಣೆಯನ್ನು ಬರಿದು ಮಾಡುವ ಈ ರೂಢಿ ಮುಂದುವರಿಯುವವರೆಗೆ, ಎಷ್ಟು ಹೊಸ ಯೋಜನೆಗಳಿಗೆ ನಾಮಕರಣ ಮಾಡಿದರೂ ಫಲ ಅಲ್ಪವೇ.

ಠಾಣೆಯ ಮತ್ತೊಂದು ಭಾರ ತನಿಖೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ನಿರ್ದೇಶನಗಳಲ್ಲಿ, ತನಿಖೆಯನ್ನು ಶಾಂತಿಪಾಲನೆಯಿಂದ ಬೇರ್ಪಡಿಸಬೇಕು, ಅದನ್ನು ದೊಡ್ಡ ಪಟ್ಟಣಗಳಿಂದಲೇ ಆರಂಭಿಸಬೇಕು ಎಂಬುದೊಂದು; ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ದೊರೆಯಬೇಕೆಂಬುದು ಇನ್ನೊಂದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಾದರೋ ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ವಿಧಿಸಿ, ಅದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶ ಕೊಟ್ಟಿದೆ. ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಇರುವುದು ಬಿಟಿಎಂಗೆ ಕೂಗಳತೆಯ ಮಡಿವಾಳದಲ್ಲೇ. ಅಲ್ಲಿಗೆ ತಜ್ಞರನ್ನೂ ಠಾಣೆಗೆ ತನಿಖೆಗೇ ಮೀಸಲಾದ ಸಿಬ್ಬಂದಿಯನ್ನೂ ಕೊಡದೆ ಹೊಸ ಕಾಯಿದೆಯನ್ನಷ್ಟೇ ಕೊಟ್ಟರೆ, ಹಗಲು ಬಂದೋಬಸ್ತು ಮುಗಿಸಿ ಬಂದ ಅದೇ ಸಬ್‌ಇನ್‌ಸ್ಪೆಕ್ಟರು ರಾತ್ರಿ ಕುಳಿತು ದೋಷಾರೋಪ ಪಟ್ಟಿ ಬರೆಯಬೇಕಾಗುತ್ತದೆ. ಆ ಪಟ್ಟಿ ನ್ಯಾಯಾಲಯದಲ್ಲಿ ನಿಲ್ಲದಿದ್ದರೆ ಆಶ್ಚರ್ಯವೇನು?

ಪೇದೆಯ ಸ್ವಂತ ಅಳಲೂ ಇದೆ. ರಜೆ, ವೇತನ, ಮೇಲಧಿಕಾರಿಗಳ ನಡವಳಿಕೆಗಳ ವಿಷಯದಲ್ಲಿ ಬೇಸತ್ತು 2016ರ ಜೂನಿನಲ್ಲಿ ರಾಜ್ಯದ ಕೆಳಹಂತದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟಿದ್ದುದು ಹಲವರಿಗೆ ನೆನಪಿರಬಹುದು. ಆ ಬಳಿಕ ಔರಾದ್ಕರ್ ಸಮಿತಿಯ ಶಿಫಾರಸಿನಂತೆ 2019ರಲ್ಲಿ ವೇತನ ಒಂದಿಷ್ಟು ಏರಿತು. ವಿಶ್ರಾಂತಿ ಅಷ್ಟು ಸುಲಭವಾಗಿ ಏರಲಿಲ್ಲ.

ಬೀದಿಯನ್ನು ಬಲ್ಲವನನ್ನು ಕುರುಡಾಗಿ ನಂಬಬೇಕೆಂಬುದು ನನ್ನ ವಾದವಲ್ಲ. 2025ರ ನವೆಂಬರ್ 19ರಂದು ಹಾಡುಹಗಲೇ ಜಯನಗರದ ಅಶೋಕ ಪಿಲ್ಲರ್ ಬಳಿ ಎಟಿಎಂ ಹಣದ ವಾಹನವನ್ನು ತಡೆದು 7.11 ಕೋಟಿ ರೂಪಾಯಿ ದೋಚಿದ ಪ್ರಕರಣದಲ್ಲಿ ಬಂಧಿತರಾದವರ ಪೈಕಿ ಒಬ್ಬ ಕಾನ್‌ಸ್ಟೇಬಲ್ ಇದ್ದನೆಂಬುದನ್ನು ಮರೆಯುವಂತಿಲ್ಲ. ಆರೋಪದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಪರಿಚಯವೆಂಬ ಅಧಿಕಾರ ದುರುಪಯೋಗಕ್ಕೂ ಎಡೆ ಕೊಡುವುದರಿಂದಲೇ, 2006ರ ತೀರ್ಪು ಪೊಲೀಸರ ಮೇಲಣ ದೂರುಗಳನ್ನು ವಿಚಾರಿಸಲು ಪ್ರತ್ಯೇಕ ಪ್ರಾಧಿಕಾರವನ್ನೂ ವಿಧಿಸಿತು. ನಮ್ಮ ರಾಜ್ಯದಲ್ಲಿ ಅದು ರಚಿತವಾಗಿದೆಯಾದರೂ ಅದರ ಬಾಗಿಲು ತಟ್ಟಬಹುದೆಂಬ ಅರಿವು ಸಾಮಾನ್ಯ ನಾಗರಿಕನಿಗೆ ಇನ್ನೂ ತಲುಪಿಲ್ಲ.

ಆದುದರಿಂದ ಮುಂದಿನ ಕೋಟಿಗಳು ಕ್ಯಾಮೆರಾಕ್ಕಿಂತ ಮೊದಲು ಠಾಣೆಗೆ, ಠಾಣೆಯಲ್ಲಿಯೂ ಬೀಟಿಗೆ ಮತ್ತು ತನಿಖೆಗೆ ಸಲ್ಲಬೇಕು. ಇದನ್ನು ಕೇಳುವ ಹಕ್ಕು ಓದುಗರಾದ ನಮ್ಮದು. ನಗರದ ಪೊಲೀಸರು ಮಾಸಿಕ ಜನಸಂಪರ್ಕ ದಿವಸವೆಂದು ನಾಲ್ಕನೆಯ ಶನಿವಾರ ಠಾಣೆಗಳಲ್ಲಿ ನಾಗರಿಕರನ್ನು ಭೇಟಿಯಾಗುವ ಪರಿಪಾಠ ಇಟ್ಟುಕೊಂಡಿದ್ದಾರೆ. ಪಾರ್ಕಿಂಗ್ ಜಗಳವನ್ನು ಒಂದು ದಿನ ಬದಿಗಿಟ್ಟು, ನಿಮ್ಮ ಬೀದಿಯ ಬೀಟ್ ಪೇದೆಯ ಹೆಸರೇನು, ಕಳೆದ ತಿಂಗಳು ಆತನಿಗೆ ಬೀಟಿಗೆಂದೇ ದೊರೆತ ದಿನಗಳೆಷ್ಟು ಎಂದು ಅಲ್ಲಿ ಕೇಳಿರಿ.