ನಗರದ ಹಳಿಮಾರ್ಗದ ವಿಸ್ತರಣೆ: ಬೆಂಗಳೂರಿನ ನಿದರ್ಶನ

ಬೆಳೆಯುತ್ತಿರುವ ನಗರದ ಅಂಚಿನವರೆಗೆ ಹಳಿಮಾರ್ಗವನ್ನು ಮುಂದುವರಿಸುವ ಕಾರ್ಯವು ಮೇಲ್ನೋಟಕ್ಕೆ ಸರಳವಾಗಿ ತೋರುತ್ತದೆ. ಇರುವ ಹಳಿಯ ತುದಿಗೆ ಇನ್ನಷ್ಟು ಹಳಿಯನ್ನು ಜೋಡಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ವಿಸ್ತರಣೆಯ ಪ್ರಯೋಜನವನ್ನು ಅದರ ಉದ್ದದಿಂದಲ್ಲ, ಪ್ರಯಾಣಿಕನಿಗೆ ಉಳಿಯುವ ಕಾಲದಿಂದ ಅಳೆಯಬೇಕೆಂಬುದನ್ನು ಬೆಂಗಳೂರಿನ ನಿದರ್ಶನದಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಮದರಾಸಿನಲ್ಲಿ 1895ರಿಂದ 1953ರವರೆಗೆ ವಿದ್ಯುತ್ ಟ್ರಾಮುಗಳು ಸಂಚರಿಸುತ್ತಿದ್ದುವು. ಟ್ರಾಮು ಸಾಮಾನ್ಯವಾಗಿ ಬೀದಿಯ ಮಟ್ಟದಲ್ಲಿಯೇ, ಇತರ ವಾಹನಗಳ ನಡುವೆ ಸಾಗುವಂಥದು. ಬೀದಿ ಕಿಕ್ಕಿರಿದಷ್ಟೂ ಅದರ ವೇಗ ಕುಗ್ಗುತ್ತದೆ. 1951ರ ಜನಗಣತಿಯಲ್ಲಿ ಸುಮಾರು 7.8 ಲಕ್ಷ ಜನರಿದ್ದ ಬೆಂಗಳೂರು 2011ರ ವೇಳೆಗೆ 84 ಲಕ್ಷವನ್ನು ಮುಟ್ಟಿತು. ಇಂಥ ನಗರದಲ್ಲಿ ಕಂಬಗಳ ಮೇಲೆಯೂ ಸುರಂಗಗಳಲ್ಲಿಯೂ ಪ್ರತ್ಯೇಕ ಪಥವುಳ್ಳ ಮೆಟ್ರೋ ರೈಲನ್ನು ಆರಿಸಿಕೊಳ್ಳಲಾಯಿತು. ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗಿನ 6.7 ಕಿಲೋಮೀಟರುಗಳ ಮೊದಲ ಭಾಗ 2011ರ ಅಕ್ಟೋಬರ್ 20ರಂದು ಆರಂಭವಾಯಿತು.

ವಿಸ್ತರಣೆಯಲ್ಲಿ ಗಮನಿಸತಕ್ಕ ಮೊದಲನೆಯ ಅಂಶ ಹಳೆಯ ಮತ್ತು ಹೊಸ ಮಾರ್ಗಗಳ ಸಂಧಿ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗಿನ 13.71 ಕಿಲೋಮೀಟರುಗಳ ಮಾರ್ಗ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಆದರೆ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವಿನ ಎರಡು ಕಿಲೋಮೀಟರುಗಳಷ್ಟು ಭಾಗ ಇನ್ನೂ ಸಿದ್ಧವಾಗಿರಲಿಲ್ಲ. ಬೆನ್ನಿಗಾನಹಳ್ಳಿಯ ಬಳಿ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಸೇತುವೆಯನ್ನು ಕೂಡಿಸಬೇಕಾಗಿತ್ತು. ಅಲ್ಲಿಯವರೆಗೆ ಪ್ರಯಾಣಿಕರು ಒಂದು ಕಡೆ ಇಳಿದು, ಬಸ್ಸು ಹತ್ತಿ, ಮತ್ತೊಂದು ಕಡೆ ಮತ್ತೆ ರೈಲು ಹತ್ತಬೇಕಾಯಿತು. ಅದೇ ವರ್ಷದ ಅಕ್ಟೋಬರ್ 9ರಂದು ಈ ತುಂಡು ತೆರೆದ ಮೇಲೆಯೇ ನಗರದ ಪೂರ್ವ ಪಶ್ಚಿಮಗಳು ಒಂದೇ ರೈಲಿನಿಂದ ಕೂಡಿಕೊಂಡುವು. ಉದ್ದದಲ್ಲಿ ಅತ್ಯಲ್ಪವಾದ ಭಾಗವೇ ಇಡೀ ವಿಸ್ತರಣೆಯ ಫಲವನ್ನು ತಡೆಹಿಡಿದಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ಅಂಶ ಗಾಡಿಗಳ ಸಂಖ್ಯೆ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ, 16 ನಿಲ್ದಾಣಗಳುಳ್ಳ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಆರಂಭವಾಯಿತು. ಕಟ್ಟಡದ ಕೆಲಸ ಮುಗಿದಿದ್ದರೂ ಗಾಡಿಗಳು ಬಾರದೆ ಮಾರ್ಗ ಬಹುಕಾಲ ಕಾದಿತ್ತು; ಮೊದಲಿಗೆ ದೊರೆತವು ಮೂರು ಗಾಡಿಗಳು ಮಾತ್ರ. ಅವು 25 ನಿಮಿಷಗಳಿಗೊಂದರಂತೆ ಓಡಿದುವು. ಇಲ್ಲಿನ ಗಣಿತವನ್ನು ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಹುದು. ಒಂದು ಗಾಡಿ ಹೋಗಿ, ತಿರುಗಿ, ಮತ್ತೆ ಹೊರಡಲು ಬೇಕಾಗುವ ಕಾಲವನ್ನು ಗಾಡಿಗಳ ನಡುವಣ ಅಂತರದಿಂದ ಭಾಗಿಸಿದರೆ ಬೇಕಾದ ಗಾಡಿಗಳ ಸಂಖ್ಯೆ ಬರುತ್ತದೆ. ಮೂರು ಗಾಡಿಗಳಿಗೆ 25 ನಿಮಿಷಗಳ ಅಂತರವೆಂದರೆ ಒಂದು ಸುತ್ತಿಗೆ 75 ನಿಮಿಷ. ಅಂತರವನ್ನು 5 ನಿಮಿಷಕ್ಕೆ ಇಳಿಸಬೇಕಾದರೆ 15 ಗಾಡಿಗಳು ಬೇಕು. ದುರಸ್ತಿಗಾಗಿ ನಿಲ್ಲುವುವು ಇದಕ್ಕೆ ಹೊರತು. ಮಾರ್ಗವನ್ನು ಉದ್ದ ಮಾಡಿದಾಗ ಸುತ್ತಿನ ಕಾಲವೂ ಹೆಚ್ಚುವುದರಿಂದ, ಗಾಡಿಗಳನ್ನು ಹೆಚ್ಚಿಸದಿದ್ದರೆ ಹಳೆಯ ಪ್ರಯಾಣಿಕರಿಗೂ ಕಾಯುವಿಕೆ ಬೆಳೆಯುತ್ತದೆ.

ಮೂರನೆಯದು ಮುಂದಾಲೋಚನೆ. ಬೆಂಗಳೂರಿನಲ್ಲಿ ಮೊದಲು ಮೂರು ಬೋಗಿಗಳ ಗಾಡಿಗಳು ಓಡುತ್ತಿದ್ದರೂ ನಿಲ್ದಾಣಗಳನ್ನು ಆರು ಬೋಗಿಗಳಿಗೆ ಸಾಲುವಂತೆ ಕಟ್ಟಲಾಗಿತ್ತು. ಆದುದರಿಂದಲೇ 2018ರಲ್ಲಿ ಆರು ಬೋಗಿಗಳ ಗಾಡಿಯನ್ನು ಓಡಿಸಲು ನಿಲ್ದಾಣಗಳನ್ನು ಒಡೆದು ಕಟ್ಟುವ ಪ್ರಮೇಯ ಬರಲಿಲ್ಲ. ಸುರಂಗದೊಳಗಿನ ನಿಲ್ದಾಣವನ್ನು ಅನಂತರ ಉದ್ದ ಮಾಡುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ.

ನಗರದ ಅಂಚಿನಲ್ಲಿ ಅಗ್ಗದ ಬಾಡಿಗೆಗೆ ನೆಲಸಿ, ದೂರದ ಕಾರ್ಖಾನೆಗೋ ಕಚೇರಿಗೋ ಹೋಗಿಬರುವವನಿಗೆ ದಿನಕ್ಕೆ ಒಂದು ಗಂಟೆ ಉಳಿದರೆ ಅದು ಅವನ ಮನೆಗೆ ಸಲ್ಲುವ ಗಂಟೆ. ಹಳಿ, ಸಂಧಿ, ಗಾಡಿ ಈ ಮೂರೂ ಒಂದೇ ದಿನಕ್ಕೆ ಸಿದ್ಧವಾಗುವಂತೆ ಯೋಜಿಸಿದಾಗ ಮಾತ್ರ ಆ ಗಂಟೆ ಅವನಿಗೆ ದಕ್ಕುತ್ತದೆ.