ಕುರಿ ಉಣ್ಣೆಗೆ ಬಣ್ಣ, ನೂಲಿಗೆ ಬೆಲೆ

ಬಳ್ಳಾರಿ ಜಿಲ್ಲೆಯಲ್ಲಿ ಕುರಿ ಸಾಕಣೆಯು ಹಿಂದಿನಿಂದಲೂ ಬೇಸಾಯದ ಜೊತೆಗೆ ನಡೆದುಬಂದ ಕಸುಬು. ಈ ಸೀಮೆಯ ಹೆಸರನ್ನೇ ಹೊತ್ತ 'ಬಳ್ಳಾರಿ' ಕುರಿ ತಳಿಯೂ ಇದೆ. ಸಿರುಗುಪ್ಪದ ತುಂಗಭದ್ರಾ ನೀರಾವರಿ ಪ್ರದೇಶದಲ್ಲಿ ಭತ್ತದ ಕೊಯ್ಲು ಮುಗಿದೊಡನೆ ಗದ್ದೆಗಳಲ್ಲಿ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಪಡೆಯುವುದು ರೈತರಿಗೆ ಗೊತ್ತಿರುವ ಸಂಗತಿ. ಕುರಿಯಿಂದ ಮಾಂಸವುಂಟು, ಗೊಬ್ಬರವುಂಟು. ಆದರೆ ಮೂರನೆಯ ಉತ್ಪನ್ನವಾದ ಉಣ್ಣೆಯನ್ನು ಮಾತ್ರ ಈಗ ಕೇಳುವವರಿಲ್ಲ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದವು. ನಮ್ಮ ದಖನಿ ಮತ್ತು ಬಳ್ಳಾರಿ ತಳಿಗಳ ಒಂದು ಕುರಿಯಿಂದ ವರ್ಷಕ್ಕೆ ಸಿಗುವ ಉಣ್ಣೆ ಅರ್ಧ ಕಿಲೋ ಆಸುಪಾಸು ಮಾತ್ರ. ಅದೂ ಒರಟು ಉಣ್ಣೆ. ಗಿರಣಿಯ ಅಗ್ಗದ ಹೊದಿಕೆ ಮತ್ತು ಅಕ್ರಿಲಿಕ್ ನೂಲು ಸಂತೆಗೆ ಬಂದ ಮೇಲೆ ಕೈಮಗ್ಗದ ಕಂಬಳಿಗೆ ಗಿರಾಕಿ ಕಡಿಮೆಯಾದರು. ಹಲವು ಕಡೆ ಉಣ್ಣೆ ಮಾರಿದರೆ ಅದನ್ನು ಕತ್ತರಿಸಿದ ಕೂಲಿಯೂ ಹುಟ್ಟದೆ, ಉಣ್ಣೆಯನ್ನು ಬೇಲಿಯ ಪಕ್ಕಕ್ಕೆ ಎಸೆಯುವಂತಾಗಿದೆ. ಹೀಗಾಗಿ ಕುರಿಗಾರರು ಉಣ್ಣೆಯಿಲ್ಲದ ನೆಲ್ಲೂರು ಮುಂತಾದ ತಳಿಗಳ ಟಗರುಗಳನ್ನು ಮಂದೆಗೆ ಬಿಡುತ್ತಿದ್ದಾರೆ. ಇದು ಹೀಗೆಯೇ ಮುಂದುವರಿದರೆ ಕಂಬಳಿ ನೇಯುವ ಕೈಗಳಷ್ಟೇ ಅಲ್ಲ, ಬಿಸಿಲು ಹಾಗೂ ದೂರದ ನಡಿಗೆಯನ್ನು ತಾಳಿಕೊಳ್ಳುವ ನಮ್ಮ ತಳಿಯೂ ಕೈತಪ್ಪೀತು.

ಇದಕ್ಕೆ ಒಂದು ಚಿಕ್ಕ ಪರಿಹಾರವೆಂದರೆ ಉಣ್ಣೆಯನ್ನು ಹಾಗೆಯೇ ಮಾರದೆ, ಮನೆಯಲ್ಲೇ ನೂತು, ಗಿಡಮೂಲದ ಬಣ್ಣ ಹಾಕಿ, ಕರಕುಶಲ ಮೇಳಗಳಲ್ಲಿ ನೇರವಾಗಿ ಮಾರುವುದು. ಇದರ ಕ್ರಮವನ್ನೂ ಲಾಭ-ನಷ್ಟದ ಲೆಕ್ಕವನ್ನೂ ಇಲ್ಲಿ ಕೊಡಲಾಗಿದೆ.

ಉಣ್ಣೆಯ ಆಯ್ಕೆ

ಮೊದಲು ತಿಳಿಯಬೇಕಾದದ್ದು ನಮ್ಮ ಉಣ್ಣೆಯ ಗುಣ. ಮೆರಿನೋ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣ. ನಮ್ಮದು ಅದರ ಎರಡರಷ್ಟು ದಪ್ಪ, ಜೊತೆಗೆ ಕೂದಲು ಬೆರೆತದ್ದು. ಆದುದರಿಂದ ಮೈಗೆ ತಾಗುವ ಸ್ವೆಟರ್, ಶಾಲುಗಳಿಗೆ ಇದು ಹೊಂದುವುದಿಲ್ಲ. ನೆಲಹಾಸು, ಕುಳಿತುಕೊಳ್ಳುವ ಆಸನ, ಚೀಲ, ಗೋಡೆಗೆ ತೂಗುಹಾಕುವ ಹಾಸು, ಕಂಬಳಿ ಇವುಗಳಿಗೆ ಇದರಷ್ಟು ಬಾಳಿಕೆಯ ಉಣ್ಣೆ ಸಿಗುವುದು ಕಷ್ಟ.

ಎರಡನೆಯದಾಗಿ, ಕಪ್ಪು ಉಣ್ಣೆಯ ಮೇಲೆ ಯಾವ ಬಣ್ಣವೂ ಕಾಣುವುದಿಲ್ಲ. ದಖನಿ ಕುರಿ ಹೆಚ್ಚಾಗಿ ಕಪ್ಪು. ಬಳ್ಳಾರಿ ತಳಿಯಲ್ಲಿ ಬಿಳಿ, ಕಪ್ಪು ಮತ್ತು ಎರಡೂ ಬೆರೆತವು ಇರುತ್ತವೆ. ಆದ್ದರಿಂದ ಕತ್ತರಿಸುವಾಗಲೇ ಬಿಳಿ, ಬೂದು, ಕಂದು, ಕಪ್ಪು ಎಂದು ನಾಲ್ಕು ಚೀಲಗಳಲ್ಲಿ ಬೇರೆ ಬೇರೆ ತುಂಬಬೇಕು. ಬಿಳಿಗೆ ಬಣ್ಣ ಹಾಕಬೇಕು. ಬೂದಿಗೆ ಹಾಕಿದರೆ ಗಾಢವಾದ, ಮಬ್ಬು ಛಾಯೆ ಬರುತ್ತದೆ. ಕಪ್ಪನ್ನು ಹಾಗೆಯೇ ಬಳಸಬೇಕು. ಎಂದಿಗೂ ಬಿಡದ ಬಣ್ಣವೆಂದರೆ ಕುರಿ ತಾನೇ ಕೊಟ್ಟ ಕಪ್ಪು.

ಒಂದು ಎಚ್ಚರಿಕೆ: ಹಠಾತ್ತಾಗಿ ಸತ್ತ ಕುರಿಯ ಉಣ್ಣೆಯನ್ನು ಯಾವ ಕಾರಣಕ್ಕೂ ಕತ್ತರಿಸಿ ತೆಗೆಯಬಾರದು. ನೆರಡಿ ರೋಗದ ಸೂಕ್ಷ್ಮಾಣುಗಳು ಉಣ್ಣೆಯ ಮೂಲಕ ಮನುಷ್ಯರಿಗೂ ತಗಲುತ್ತವೆ. ಅಂಥ ಕುರಿಯ ಚರ್ಮ ಸುಲಿಯದೆ, ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾಗಿ ಹೂಳಬೇಕು.

ತೊಳೆಯುವುದು

ಉಣ್ಣೆಯಲ್ಲಿನ ಮಣ್ಣು, ಜಿಡ್ಡು, ಮುಳ್ಳುಗಳನ್ನು ತೆಗೆಯದೆ ಬಣ್ಣ ಹಾಕಿದರೆ ಅದು ಪಟ್ಟೆ ಪಟ್ಟೆಯಾಗಿ ಹಿಡಿಯುತ್ತದೆ. ಮೊದಲು ಉಣ್ಣೆಯನ್ನು ಕೈಯಿಂದ ಬಿಡಿಸಿ ಒದರಬೇಕು. ಒಂದು ಕಿಲೋ ಉಣ್ಣೆಗೆ 100 ಗ್ರಾಂ ಅಂಟುವಾಳ ಕಾಯಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿ, ಆ ನೀರನ್ನು ಸುಮಾರು 30 ಲೀಟರ್ ಬೆಚ್ಚನೆಯ ನೀರಿಗೆ ಬೆರೆಸಬೇಕು. ಉಣ್ಣೆಯನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿ ಮೆಲ್ಲಗೆ ಒತ್ತಬೇಕೇ ಹೊರತು ಉಜ್ಜಬಾರದು. ಅಷ್ಟೇ ಬಿಸಿಯಿರುವ ಬೇರೆ ನೀರಿನಲ್ಲಿ ಎರಡು ಸಲ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು.

ಇಲ್ಲಿ ಮೂರು ತಪ್ಪುಗಳನ್ನು ಮಾಡಬಾರದು. ಒಂದು, ವಾಷಿಂಗ್ ಸೋಡಾ ಬಳಸುವುದು. ಉಣ್ಣೆಯು ನಮ್ಮ ಕೂದಲಿನಂತೆಯೇ ಪ್ರೋಟೀನಿನಿಂದ ಆದದ್ದು, ಕ್ಷಾರಕ್ಕೆ ಸಿಕ್ಕಿದರೆ ಪೆಡಸಾಗಿ ಕಡಿಯುತ್ತದೆ. ಎರಡು, ಬಿಸಿ ನೀರಿನಿಂದ ತೆಗೆದು ತಣ್ಣೀರಿಗೆ ಹಾಕುವುದು. ಇದರಿಂದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಂಟುಕಟ್ಟುತ್ತವೆ. ಮೂರು, ಗಡಸು ನೀರಿನಲ್ಲಿ ಸಾಬೂನು ಹಾಕುವುದು. ಕೊಳವೆ ಬಾವಿಯ ನೀರು ಗಡಸಾಗಿದ್ದರೆ ಸಾಬೂನು ನೊರೆಗಟ್ಟದೆ ಉಣ್ಣೆಗೆ ಅಂಟಿಕೊಳ್ಳುತ್ತದೆ. ಮಳೆ ನೀರು ಸಿಕ್ಕರೆ ಬಣ್ಣದ ಕೆಲಸಕ್ಕೆ ಅದೇ ಉತ್ತಮ.

ನೂಲುವುದು

ನಮ್ಮಲ್ಲಿ ಕಂಬಳಿಯ ನೂಲನ್ನು ನೂಲುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬಿಲ್ಲಿನಿಂದ ಉಣ್ಣೆ ಹಿಂಜಿ, ಹಂಜಿ ಮಾಡಿ, ಕದಿರು ಅಥವಾ ರಾಟೆಯಲ್ಲಿ ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ, ಕುಣಿ ಮಗ್ಗದಲ್ಲಿ ನೇಯುವುದು ವಾಡಿಕೆ. ಕಂಬಳಿಗೆ ಒಂದೆಳೆ ನೂಲು ಸಾಕು. ಆದರೆ ನೂಲನ್ನೇ ಮಾರುವುದಾದರೆ ಎರಡು ಎಳೆಗಳನ್ನು ಎದುರು ದಿಕ್ಕಿನಲ್ಲಿ ಹುರಿಮಾಡಬೇಕು. ಎರಡೆಳೆ ನೂಲು ಸಮನಾಗಿರುತ್ತದೆ, ಕಡಿಯುವುದಿಲ್ಲ. ನೂತ ನೂಲನ್ನು ಲಡಿ ಕಟ್ಟಿ, ಒದ್ದೆ ಮಾಡಿ, ಕೆಳಗೆ ಸಣ್ಣ ಭಾರ ಕಟ್ಟಿ ತೂಗುಹಾಕಿ ಒಣಗಿಸಿದರೆ ಹುರಿ ನಿಲ್ಲುತ್ತದೆ. ಪ್ರತಿ ಲಡಿಯೂ ತೂಗಿ ನೋಡಿದ 100 ಗ್ರಾಂ ಇರಬೇಕು.

ಬಣ್ಣ ಹಾಕುವ ಕ್ರಮ

ಗಿಡಮೂಲದ ಬಣ್ಣ ಉಣ್ಣೆಯಲ್ಲಿ ನೆಲೆಯೂರಲು ಪಟಿಕ ಬೇಕು. 500 ಗ್ರಾಂ ಒಣ ನೂಲಿಗೆ 75 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, 15ರಿಂದ 20 ಲೀಟರ್ ನೀರಿಗೆ ಬೆರೆಸಿ, ಮೊದಲೇ ನೆನೆಸಿದ ನೂಲನ್ನು ಅದರಲ್ಲಿ ಇಳಿಬಿಡಬೇಕು. ಒಂದು ಗಂಟೆಯಲ್ಲಿ ನಿಧಾನವಾಗಿ ಕಾಯಿಸಿ, ಕುದಿ ಬರುವ ಮೊದಲೇ ಉರಿ ತಗ್ಗಿಸಿ, ಅದೇ ಬಿಸಿಯಲ್ಲಿ ಮುಕ್ಕಾಲು ಗಂಟೆ ಇಟ್ಟು, ರಾತ್ರಿಯಿಡೀ ಅದೇ ನೀರಿನಲ್ಲಿ ಆರಲು ಬಿಡಬೇಕು. ಮಾರನೆಯ ದಿನ ಬಣ್ಣದ ನೀರಿನಲ್ಲಿಯೂ ಹೀಗೆಯೇ ಮಾಡಬೇಕು.

ಬಣ್ಣದ ಸಾಮಗ್ರಿಗೆ ದೂರ ಹೋಗಬೇಕಿಲ್ಲ. 500 ಗ್ರಾಂ ನೂಲಿಗೆ ಬೇಕಾಗುವ ಪ್ರಮಾಣ ಹೀಗಿದೆ:

ಚೆಂಡು ಹೂ: ಹಸಿ ಹೂ 1 ಕಿಲೋ. ಹೊಂಬಣ್ಣದ ಹಳದಿ. ದೇವಸ್ಥಾನಗಳಲ್ಲಿ ಇಳಿಸಿದ ಹಾರಗಳನ್ನು ಕೇಳಿ ತರಬಹುದು.

ಈರುಳ್ಳಿ ಸಿಪ್ಪೆ: ಒಣ ಸಿಪ್ಪೆ 250 ಗ್ರಾಂ. ಕಿತ್ತಳೆ ಬೆರೆತ ಕಂದು. ತಮಿಳುನಾಡಿನಲ್ಲಿ ದಪ್ಪ ಈರುಳ್ಳಿಯನ್ನು ನಮ್ಮ ಊರಿನ ಹೆಸರು ಸೇರಿಸಿ 'ಬಳ್ಳಾರಿ ವೆಂಗಾಯಂ' ಎಂದೇ ಕರೆಯುತ್ತಾರೆ. ಸಿಪ್ಪೆ ನಗರದ ಮಾರುಕಟ್ಟೆ, ಹೋಟೆಲುಗಳಲ್ಲಿ ಸಿಗುತ್ತದೆ.

ದಾಳಿಂಬೆ ಸಿಪ್ಪೆ: ಒಣ ಸಿಪ್ಪೆ 250 ಗ್ರಾಂ. ಮಾಸಲು ಹಳದಿ. ಹಣ್ಣಿನ ರಸದ ಅಂಗಡಿಗಳಲ್ಲಿ ಸಿಗುತ್ತದೆ.

ಕರಿಜಾಲಿ ತೊಗಟೆ: 500 ಗ್ರಾಂ. ಕಂದು. ಜಜ್ಜಿ ರಾತ್ರಿ ನೆನೆಸಿ ಕುದಿಸಬೇಕು. ಕಡಿದ ಮರದ ತೊಗಟೆಯನ್ನು ಬಳಸಬೇಕೇ ಹೊರತು ನಿಂತ ಮರವನ್ನು ಸುಲಿಯಬಾರದು.

ಇವನ್ನೆಲ್ಲ ಒಂದು ಗಂಟೆ ಕುದಿಸಿ ಸೋಸಿ, ಆ ನೀರು ಆರಿದ ಮೇಲೆ ನೂಲು ಹಾಕಬೇಕು. ದಾಳಿಂಬೆ ಅಥವಾ ಜಾಲಿಯ ಬಣ್ಣ ಹಿಡಿದ ನೂಲನ್ನು ಹೊರತೆಗೆದು, ಆ ನೀರಿಗೆ 10 ಗ್ರಾಂ ಅನ್ನಭೇದಿ ಕರಗಿಸಿ ಮತ್ತೆ ಹತ್ತು ನಿಮಿಷ ಅದ್ದಿದರೆ ದಾಳಿಂಬೆಯದು ಬೂದು ಬೆರೆತ ಹಸಿರಿಗೂ ಜಾಲಿಯದು ಕಡು ಬೂದಿಗೂ ತಿರುಗುತ್ತದೆ. ಅನ್ನಭೇದಿ ಹೆಚ್ಚಾದರೆ ಉಣ್ಣೆ ಶಕ್ತಿಗುಂದುತ್ತದೆ. ಆದ್ದರಿಂದ ಅಳತೆ ಮೀರಬಾರದು.

ಕೆಂಪಿಗೆ ಅರಗು ಅಥವಾ ಮಂಜಿಷ್ಠವನ್ನು ಕೊಂಡು ತರಬೇಕಾಗುತ್ತದೆ. ಅರಿಶಿನ ಮತ್ತು ಮುತ್ತುಗದ ಹೂವಿನ ಬಣ್ಣ ನೋಡಲು ಚೆಂದ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಮಾರುವ ನೂಲಿಗೆ ಅವು ಬೇಡ. ಬಳ್ಳಾರಿ ನಗರವು ಜೀನ್ಸ್ ಉಡುಪಿಗೆ ಹೆಸರಾದುದರಿಂದ ಅಲ್ಲಿನಂತೆ ನೀಲಿಯನ್ನೂ ಹಾಕಬಹುದಲ್ಲ ಎಂದು ಕೆಲವರಿಗೆ ಅನಿಸಬಹುದು. ಹತ್ತಿ ನೂಲಿಗೆ ನೀಲಿ ಹಾಕುವಾಗ ತೀಕ್ಷ್ಣ ಕ್ಷಾರವನ್ನು ಬಳಸುತ್ತಾರೆ. ಅದೇ ನೀರಿಗೆ ಉಣ್ಣೆ ಹಾಕಿದರೆ ಹಾಳಾಗುತ್ತದೆ. ಉಣ್ಣೆಗೆ ನೀಲಿ ಹಾಕುವ ವಿಧಾನವೇ ಬೇರೆ. ಅದನ್ನು ತರಬೇತಿ ಪಡೆದೇ ಮಾಡಬೇಕು.

ಪಾತ್ರೆಗಳು ಸ್ಟೀಲಿನವಾಗಿರಲಿ. ಕಬ್ಬಿಣದ ಕೊಪ್ಪರಿಗೆಯಲ್ಲಿ ಎಲ್ಲ ಬಣ್ಣಗಳೂ ಕಪ್ಪಿಡುತ್ತವೆ. ಬಣ್ಣಕ್ಕೆ ಬಳಸಿದ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬಾರದು. ಪಟಿಕ, ಅನ್ನಭೇದಿಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಉಳಿದ ನೀರನ್ನು ದನ ಕುಡಿಯುವ ಹೊಂಡಕ್ಕಾಗಲಿ, ಕಾಲುವೆಗಾಗಲಿ ಬಿಡಬಾರದು.

ಬಣ್ಣದ ಪರೀಕ್ಷೆ

ಮೇಳದಲ್ಲಿ ಕೊಂಡವರು ಮನೆಗೆ ಹೋಗಿ ತೊಳೆದಾಗ ಬಣ್ಣ ಬಿಟ್ಟರೆ ಮರುವರ್ಷ ಅವರು ಬರುವುದಿಲ್ಲ. ಆದ್ದರಿಂದ ಪ್ರತಿ ಸಲ ಬಣ್ಣ ಹಾಕಿದಾಗಲೂ ಒಂದಿಷ್ಟು ನೂಲನ್ನು ರಟ್ಟಿಗೆ ಸುತ್ತಿ, ಅರ್ಧ ಭಾಗವನ್ನು ಮುಚ್ಚಿ, ಎರಡು ವಾರ ಬಿಸಿಲಿಗೆ ಇಡಬೇಕು. ಇನ್ನೊಂದು ತುಂಡನ್ನು ಬಿಳಿ ಬಟ್ಟೆಯ ಜೊತೆ ಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು. ಮುಚ್ಚಿದ ಭಾಗಕ್ಕೂ ಬಿಸಿಲಿಗೆ ಬಿದ್ದ ಭಾಗಕ್ಕೂ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ, ಬಿಳಿ ಬಟ್ಟೆಗೆ ಬಣ್ಣ ಹತ್ತದಿದ್ದರೆ ಆ ಮಾಲನ್ನು ಮಾರಬಹುದು. ತೂಕ, ಸಾಮಗ್ರಿ, ದಿನಾಂಕಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಪಕ್ಕದಲ್ಲಿ ನೂಲಿನ ತುಂಡು ಅಂಟಿಸಿದರೆ ಅದೇ ಬಣ್ಣವನ್ನು ಮತ್ತೆ ತರಬಹುದು.

ಖರ್ಚು-ಆದಾಯದ ಲೆಕ್ಕ

ಈ ಕಸುಬಿನಲ್ಲಿ ಉಣ್ಣೆ ಮತ್ತು ಬಣ್ಣದ ಖರ್ಚು ಸ್ವಲ್ಪ. ಕೈಕೆಲಸದ ವೇಳೆಯೇ ದೊಡ್ಡ ಖರ್ಚು. ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟದೆ ಮಾಡಿದ ಲೆಕ್ಕ ಲೆಕ್ಕವೇ ಅಲ್ಲ. ಮೊದಲ ನಾಲ್ಕು ಲಡಿಗಳಿಗೆ ಹಿಂಜುವುದರಿಂದ ಒಣಗಿಸುವವರೆಗೆ ಎಷ್ಟು ಗಂಟೆ ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಿರಿ. ಉದಾಹರಣೆಗೆ, 100 ಗ್ರಾಂ ಲಡಿಗೆ 5 ಗಂಟೆ ಬೇಕಾಯಿತೆಂದೂ ಗಂಟೆಗೆ 50 ರೂಪಾಯಿ ಕೂಲಿಯೆಂದೂ ಇಟ್ಟುಕೊಳ್ಳೋಣ. ಕೂಲಿಯೇ 250 ರೂಪಾಯಿ. ಉಣ್ಣೆ, ಪಟಿಕ, ಸೌದೆಗೆ 30 ರೂಪಾಯಿ, ಮೇಳಕ್ಕೆ ಹೋಗಿಬರುವ ಖರ್ಚಿನ ಪಾಲು 40 ರೂಪಾಯಿ ಸೇರಿಸಿದರೆ ಒಟ್ಟು 320 ರೂಪಾಯಿ ಆಗುತ್ತದೆ. ಒರಟು ನೂಲಿನ ಒಂದು ಲಡಿಗೆ ಅಷ್ಟು ಕೊಡುವವರು ಕಡಿಮೆ.

ಆದ್ದರಿಂದ ನೂಲಿನ ಲಡಿಗಳನ್ನು ಸ್ವಲ್ಪವೇ ಇಟ್ಟು, ಹೆಚ್ಚಿನ ನೂಲನ್ನು ಆಸನ, ಚೀಲ, ಚಿಕ್ಕ ನೆಲಹಾಸುಗಳಾಗಿ ನೇಯ್ದು ಮಾರುವುದು ಲೇಸು. ಕಪ್ಪು ನೆಲದ ಮೇಲೆ ಹಳದಿ, ಕಂದಿನ ಅಂಚು ಕೊಟ್ಟರೆ ಬಣ್ಣದ ನೂಲು ಕಡಿಮೆ ಸಾಕು, ನೋಟವೂ ಎದ್ದು ಕಾಣುತ್ತದೆ. ಊರಿನಲ್ಲಿ ಕಂಬಳಿ ನೇಯುವವರಿದ್ದರೆ ಅವರಿಗೂ ಕೆಲಸ ಸಿಗುತ್ತದೆ.

ಎಲ್ಲಿ ಮಾರಬೇಕು?

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಕಡೆ ಕಂಬಳಿಗೆ ಗಿರಾಕಿ ಸಿಗಬಹುದು. ಆದರೆ ಅಲ್ಲಿ ಬಂದವರು ಗಿರಣಿಯ ಹೊದಿಕೆಯ ಬೆಲೆಗೆ ಹೋಲಿಸಿ ಚೌಕಾಸಿ ಮಾಡುತ್ತಾರೆ. ಗಿಡಮೂಲದ ಬಣ್ಣಕ್ಕೂ ಕೈನೂಲಿಗೂ ಬೆಲೆ ಕೊಡುವವರು ಹೆಚ್ಚಾಗಿ ನಗರದವರು. ಅವರು ಬರುವುದು ಕರಕುಶಲ ಮೇಳಗಳಿಗೆ. ಗ್ರಾಮೀಣ ಮಹಿಳಾ ಸ್ವಸಹಾಯ ಸಂಘಗಳಿಗಾಗಿ ನಡೆಯುವ ಸರಸ್ ಮೇಳಗಳು, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ನೆರವಿನ ಗಾಂಧಿ ಶಿಲ್ಪ ಬಜಾರುಗಳು, 1987ರಿಂದ ಹರಿಯಾಣದ ಸೂರಜ್‌ಕುಂಡದಲ್ಲಿ ನಡೆದುಬಂದಿರುವ ಮೇಳ ಇಂಥವು. ಮೊದಲ ವರ್ಷವೇ ದೂರದ ಮೇಳಕ್ಕೆ ಹೋಗಬಾರದು. ಹತ್ತಿರದ ಕೃಷಿ ಮೇಳದಲ್ಲಿ ಇಪ್ಪತ್ತು ಮೂವತ್ತು ವಸ್ತುಗಳನ್ನಿಟ್ಟು, ಯಾವುದು ಹೋಯಿತು, ಯಾವುದು ಉಳಿಯಿತು ಎಂದು ನೋಡಿ ಮುಂದಿನ ಹೆಜ್ಜೆ ಇಡಬೇಕು.

ಒಬ್ಬೊಬ್ಬರೇ ಹೋಗುವುದಕ್ಕಿಂತ ಐದಾರು ಮನೆಯವರು ಸಂಘವಾಗಿ ಕೂಡಿ, ಒಬ್ಬರು ತೊಳೆಯುವುದು, ಇಬ್ಬರು ನೂಲುವುದು, ಒಬ್ಬರು ಬಣ್ಣ ಹಾಕುವುದು ಎಂದು ಹಂಚಿಕೊಂಡರೆ ಕೆಲಸವೂ ಹಗುರ, ಬಣ್ಣವೂ ಒಂದೇ ಸಮ. ಕುಶಲಕರ್ಮಿಗಳ ಗುರುತಿನ ಚೀಟಿ ಮಾಡಿಸಿಕೊಂಡರೆ ಮೇಳಗಳಲ್ಲಿ ಮಳಿಗೆಗೆ ಅರ್ಜಿ ಹಾಕಲು ಅನುಕೂಲ. ಪ್ರತಿ ವಸ್ತುವಿಗೂ ಚಿಕ್ಕ ಚೀಟಿ ಕಟ್ಟಿ, ಯಾವ ಊರಿನ ಉಣ್ಣೆ, ಯಾವ ಬಣ್ಣ, ತೊಳೆಯುವುದು ಹೇಗೆ ಎಂದು ಬರೆಯಬೇಕು. ಉಣ್ಣೆ ಒರಟು ಎಂಬುದನ್ನು ಮರೆಮಾಚಬಾರದು. ಮಾಲನ್ನು ಮನೆಯಲ್ಲಿ ಇಡುವಾಗ ಹುಳು ಹೊಡೆಯದಂತೆ ಚೆನ್ನಾಗಿ ಒಣಗಿಸಿ, ಆಗಾಗ ಬಿಸಿಲಿಗೆ ಒದರಿ, ಬಿಗಿಯಾಗಿ ಕಟ್ಟಿಡಬೇಕು.

ಇದರಿಂದ ದೊಡ್ಡ ಸಿರಿವಂತಿಕೆ ಬರುವುದಿಲ್ಲ. ಇಡೀ ಮಂದೆಯ ಉಣ್ಣೆಯೂ ಖರ್ಚಾಗುವುದಿಲ್ಲ. ಆದರೆ ಬೇಲಿಗೆ ಎಸೆಯುತ್ತಿದ್ದ ಉಣ್ಣೆಗೆ ಬೆಲೆ ಬಂದರೆ ಬಿಳಿ, ಒಳ್ಳೆಯ ತುಪ್ಪಟದ ಟಗರನ್ನು ಮಂದೆಯಲ್ಲಿ ಉಳಿಸಿಕೊಳ್ಳಲು ಕುರಿಗಾರನಿಗೆ ಒಂದು ಕಾರಣ ಸಿಗುತ್ತದೆ, ರಾಟೆಯ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ಕೂಲಿ ಸಿಗುತ್ತದೆ. ಈ ಸಲ ಉಣ್ಣೆ ಕತ್ತರಿಸುವಾಗ ಬಿಳಿಯದನ್ನು ಬೇರೆ ಚೀಲಕ್ಕೆ ತುಂಬಿ, ಅರ್ಧ ಕಿಲೋ ನೂಲಿಗೆ ಬಣ್ಣ ಹಾಕಿ ನೋಡಿರಿ.